ಗಾಥಿಕ್ ಕಾದಂಬರಿ ಮತ್ತು ಕನ್ನಡದ ರಮ್ಯ ಸಾಹಿತ್ಯ

ಹಾಳುಬಿದ್ದ ಕೋಟೆ, ಗುಪ್ತದ್ವಾರ, ಸೆರೆಸಿಕ್ಕ ನಾಯಕಿ, ವಂಶವನ್ನು ಬೆನ್ನಟ್ಟುವ ಹಳೆಯ ಪಾಪ, ಅತಿಮಾನುಷದ ಸುಳಿವು ಇವುಗಳ ಮೂಲಕ ಭಯವನ್ನೂ ಕುತೂಹಲವನ್ನೂ ಕೆರಳಿಸುವ ಕಥಾಪ್ರಕಾರಕ್ಕೆ ಗಾಥಿಕ್ ಕಾದಂಬರಿ ಎಂದು ಹೆಸರು. ಇಂಗ್ಲೆಂಡಿನಲ್ಲಿ 18ನೆಯ ಶತಮಾನದಲ್ಲಿ ಹುಟ್ಟಿ ರೊಮ್ಯಾಂಟಿಕ್ ಸಾಹಿತ್ಯದೊಡನೆ ಬೆಳೆಯಿತು. ಕನ್ನಡದಲ್ಲಿ ಇದು ಸ್ವತಂತ್ರ ಪ್ರಕಾರವಾಗಿ ನೆಲೆಯೂರಲಿಲ್ಲ; ಇದಕ್ಕೆ ಹತ್ತಿರದ ರುಚಿ ಐತಿಹಾಸಿಕ ಕಾದಂಬರಿ, ಪತ್ತೇದಾರಿ ಕಥೆ ಮತ್ತು ರಂಗಭೂಮಿಯಲ್ಲಿ ಹಂಚಿಹೋಗಿದೆ. ಬಾಗಲಕೋಟೆ ಸೀಮೆಯ ಬರಹಗಾರರಲ್ಲಿ ಇದನ್ನು ಚೆನ್ನಾಗಿ ಗುರುತಿಸಬಹುದು.

ಹುಟ್ಟು ಮತ್ತು ಬೆಳವಣಿಗೆ

ಹೊರೇಸ್ ವಾಲ್ಪೋಲ್ 1764ರಲ್ಲಿ ಪ್ರಕಟಿಸಿದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಈ ಪ್ರಕಾರದ ಮೊದಲ ಕೃತಿ. ಮದುವೆಯ ದಿನವೇ ಮದುಮಗನ ಮೇಲೆ ಭಾರಿ ಶಿರಸ್ತ್ರಾಣವೊಂದು ಬಿದ್ದು ಅವನು ಅಪ್ಪಚ್ಚಿಯಾಗುವುದರಿಂದ ಅದರ ಕಥೆ ಆರಂಭವಾಗುತ್ತದೆ. ಆ್ಯನ್ ರಾಡ್‌ಕ್ಲಿಫ್ ತನ್ನ 1794ರ ಕಾದಂಬರಿಯಲ್ಲಿ ಭಯಾನಕ ಸಂಗತಿಗಳನ್ನು ಹೆಣೆದು ಕೊನೆಗೆ ಅವಕ್ಕೆ ಲೌಕಿಕ ಕಾರಣ ಕೊಟ್ಟಳು. ಮ್ಯಾಥ್ಯೂ ಲೂಯಿಸ್ ತನ್ನ 1796ರ ಕಾದಂಬರಿಯಲ್ಲಿ ಪಿಶಾಚಿಯನ್ನೇ ಕಥೆಯೊಳಗೆ ತಂದ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818) ಭಯವನ್ನು ಕೋಟೆಯಿಂದ ಪ್ರಯೋಗಶಾಲೆಗೆ ಒಯ್ದಿತು. ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್‌ರ ‘ಲಿರಿಕಲ್ ಬ್ಯಾಲಡ್ಸ್’ 1798ರದು. ಅಂದರೆ ರಮ್ಯ ಕಾವ್ಯದ ಘೋಷಣೆಗೆ ಮೂರು ದಶಕ ಮೊದಲೇ ಗದ್ಯ ಆ ದಾರಿ ಹಿಡಿದಿತ್ತು.

ಕನ್ನಡಕ್ಕೆ ಬಂದ ಬಗೆ

ಕನ್ನಡದಲ್ಲೂ ಅನುಕ್ರಮ ಇದೇ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (1926) ನವೋದಯ ಕಾವ್ಯಕ್ಕೆ ದಾರಿ ತೋರಿತು. ರಮ್ಯ ಗದ್ಯ ಅದಕ್ಕಿಂತ ನಾಲ್ಕು ದಶಕ ಹಿಂದೆಯೇ ಬಂದಿತ್ತು. ಬಂದದ್ದು ಬಂಗಾಳಿಯ ಮೂಲಕ. ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಬಿ. ವೆಂಕಟಾಚಾರ್ಯರು 1885ರಲ್ಲಿ ಕನ್ನಡಕ್ಕೆ ತಂದರು. ಬಿರುಗಾಳಿಗೆ ಸಿಕ್ಕ ರಾಜಪುತ್ರ ಜಗತ್ಸಿಂಹ ಕತ್ತಲಲ್ಲಿ ಪಾಳು ಬಯಲಿನ ಶಿವಾಲಯವನ್ನು ಹೊಕ್ಕು, ಅಲ್ಲಿ ಅಡಗಿದ್ದ ಹೆಂಗಸರನ್ನು ಕಾಣುವ ಆರಂಭ, ಮುಂದೆ ರಾತ್ರೋರಾತ್ರಿ ಶತ್ರುವಶವಾಗುವ ಕೋಟೆ ಎರಡೂ ಗಾಥಿಕ್ ಓದುಗನಿಗೆ ಪರಿಚಿತವೇ. ಬಂಕಿಮಚಂದ್ರರದೇ ‘ಕಪಾಲಕುಂಡಲೆ’ಯಲ್ಲಿ ಕಡಲತೀರದ ಕಾಡಿನ ಕಾಪಾಲಿಕ ದಾರಿತಪ್ಪಿದ ಯುವಕನನ್ನು ಬಲಿಕೊಡಲು ಹವಣಿಸುತ್ತಾನೆ. ಇಂಗ್ಲಿಷ್ ಗಾಥಿಕ್‌ನಲ್ಲಿ ದುಷ್ಟ ಸನ್ಯಾಸಿಗಿದ್ದ ಸ್ಥಾನ ಇಲ್ಲಿ ಕಾಪಾಲಿಕನಿಗೆ ಸಿಕ್ಕಿತು. ಉತ್ತರ ಕರ್ನಾಟಕದಲ್ಲಿ ಮರಾಠಿ ಇಂಥದೇ ಸೇತುವೆಯಾಯಿತು: ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ಒಗ್ಗಿಸಿದರು.

ಇಂಥ ಬಲಿ, ಕೊಲೆಗಳ ಭಯ ಕನ್ನಡ ಓದುಗನಿಗೆ ಹೊಸದಾಗಿರಲಿಲ್ಲ. ಜನ್ನನ ‘ಯಶೋಧರ ಚರಿತೆ’ (1209) ಚಂಡಮಾರಿಯ ಗುಡಿಯಲ್ಲಿ ನರಬಲಿಗೆ ನಿಂತ ಎಳೆಯರ ಕಥೆಯಿಂದ ತೊಡಗುತ್ತದೆ. ಬಾದಾಮಿಯ ಸ್ಥಳಪುರಾಣದಲ್ಲಿ ಅತಿಥಿಗಳನ್ನು ಕೊಲ್ಲುವ ಇಲ್ವಲ-ವಾತಾಪಿಯರಿದ್ದಾರೆ. ಆದರೆ ಜನ್ನನ ಕಥೆ ಅಹಿಂಸೆಯಲ್ಲಿ, ವಾತಾಪಿಯ ಕಥೆ ಅಗಸ್ತ್ಯನ ಗೆಲುವಿನಲ್ಲಿ ಶಮನವಾಗುತ್ತದೆ. ಭಯವನ್ನು ಭಯವಾಗಿಯೇ ಉಳಿಸುವುದು ಗಾಥಿಕ್ ತಂದ ಹೊಸತು.

ಬಾಗಲಕೋಟೆ ಸೀಮೆ

ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು (1866–1921) ವೃತ್ತಿಯಿಂದ ವಕೀಲರು. ‘ಶುಭೋದಯ’ ವಾರಪತ್ರಿಕೆ ಮತ್ತು ‘ಸಚಿತ್ರ ಭಾರತ’ ಮಾಸಪತ್ರಿಕೆಗಳ ಸಂಪಾದಕರು. ‘ಇಂದಿರೆ’ (1908) ಎಂಬ ಸಾಮಾಜಿಕ ಕಾದಂಬರಿಯ ಜೊತೆಗೆ ‘ಯದುಮಹಾರಾಜ’, ‘ಭ್ರಾತೃಘಾತಕನಾದ ಔರಂಗಜೇಬ’ ಎಂಬ ಐತಿಹಾಸಿಕ ಕಾದಂಬರಿಗಳನ್ನೂ ಬರೆದರು. ಕನ್ನಡದ ಮೊದಲ ಪತ್ತೇದಾರಿ ಕಥೆಗಾರರಲ್ಲಿ ಅವರೂ ಒಬ್ಬರು. ನಿಗೂಢವನ್ನು ಕಟ್ಟಿ, ಕೊನೆಗೆ ಬುದ್ಧಿಯಿಂದ ಬಿಡಿಸುವ ಪತ್ತೇದಾರಿ ಕಥೆ ರಾಡ್‌ಕ್ಲಿಫ್ ಮಾದರಿಯ ಗಾಥಿಕ್‌ನ ನೇರ ವಾರಸುದಾರ. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ಅವರ ಕೈಯಲ್ಲಿ ‘ಸುರತನಗರದ ಶ್ರೇಷ್ಠಿ’ಯಾಯಿತು.

ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ರಂಗಭೂಮಿಯಲ್ಲಿ ಭಯಾನಕಕ್ಕೆ ದೊಡ್ಡ ಉದಾಹರಣೆ. ಕುರುಕ್ಷೇತ್ರ ಯುದ್ಧ ಮುಗಿಯುವ ಹೊತ್ತಿಗೆ ಅಶ್ವತ್ಥಾಮ ನಿದ್ರಿಸುತ್ತಿದ್ದ ಉಪಪಾಂಡವರನ್ನು ಕೊಲ್ಲುವ ಪ್ರಸಂಗ ಅದರ ವಸ್ತು. ಇದರ ಮೂಲ ವ್ಯಾಸಭಾರತ. ಇಂಗ್ಲಿಷ್ ಕಾದಂಬರಿಯ ಋಣವಿಲ್ಲ. ಆದರೂ ಕತ್ತಲು, ಸೇಡು, ನಿರಪರಾಧಿಗಳ ಸಾವು ಎಂಬ ಸಾಮಗ್ರಿ ಒಂದೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹವ್ಯಾಸಿಗಳು ಇಡೀ ರಾತ್ರಿ ಆಡುತ್ತ ಬಂದ ಈ ನಾಟಕ, ಪುಸ್ತಕ ಓದದವರಿಗೂ ಆ ರಸವನ್ನು ಮುಟ್ಟಿಸಿತು.

ಮುಂದಿನ ಪರಿಣಾಮ

ನವೋದಯದ ಕವಿಗಳು ರಮ್ಯತೆಯ ಬೆಳಕಿನ ಮುಖವನ್ನು, ಅಂದರೆ ಪ್ರಕೃತಿ, ಪ್ರೇಮ, ನಾಡಭಕ್ತಿಗಳನ್ನು ಎತ್ತಿಕೊಂಡರು. ಅದರ ಕರಾಳ ಮುಖ ಜನಪ್ರಿಯ ಸಾಹಿತ್ಯದ ಪಾಲಾಯಿತು. 20ನೆಯ ಶತಮಾನದ ನಡುವೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಗೆ ಸಿಕ್ಕ ಅಪಾರ ಓದುಗರು ಈ ಪರಂಪರೆಯ ಫಲ. ವಿಮರ್ಶೆ ನವೋದಯವನ್ನು ಕಾವ್ಯದಿಂದಲೇ ಅಳೆದ ಕಾರಣ, ಗದ್ಯ ಮತ್ತು ರಂಗಭೂಮಿಯ ಈ ಧಾರೆ ಬಹುಕಾಲ ಬರಿಯ ರಂಜನೆಯೆಂದೇ ಎಣಿಕೆಯಾಗಿತ್ತು.