ನ್ಯೂಟ್ರಿನೊ ವೇಗ: 2011ರ ಅಳತೆ, 1987ರ ಸಾಕ್ಷ್ಯ

ಜಿನೀವಾ ಬಳಿಯ ಸರ್ನ್‌ನಿಂದ ಹೊರಟ ನ್ಯೂಟ್ರಿನೊಗಳು ಸುಮಾರು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯವನ್ನು ಬೆಳಕಿಗಿಂತ 60 ನ್ಯಾನೊಸೆಕೆಂಡಿನಷ್ಟು ಮೊದಲೇ ತಲುಪುತ್ತಿವೆ ಎಂದು 2011ರ ಸೆಪ್ಟೆಂಬರಿನಲ್ಲಿ ಒಪೆರಾ ತಂಡ ಪ್ರಕಟಿಸಿತು. ಅಂದರೆ ಅವುಗಳ ವೇಗ ಬೆಳಕಿನ ವೇಗಕ್ಕಿಂತ ಸುಮಾರು 40,000ದಲ್ಲಿ ಒಂದು ಪಾಲು ಹೆಚ್ಚು. ಆಪ್ಟಿಕಲ್ ಫೈಬರ್‌ನ ಸಡಿಲ ಜೋಡಣೆಯೇ ಇದಕ್ಕೆ ಮುಖ್ಯ ಕಾರಣವೆಂದು 2012ರಲ್ಲಿ ಗೊತ್ತಾಯಿತು. ಆ ದೋಷ ಪತ್ತೆಯಾಗುವ ಮೊದಲೇ ಈ ಫಲಿತಾಂಶ ನಿಲ್ಲುವುದು ಕಷ್ಟವಾಗಿತ್ತು ಎಂಬುದು ಈ ಟಿಪ್ಪಣಿಯ ವಾದ.

'ಸಾಪೇಕ್ಷತೆ ಒಪ್ಪುವುದಿಲ್ಲ' ಎಂದಷ್ಟೇ ಹೇಳಿ ಅದನ್ನು ತಳ್ಳಿಹಾಕುವಂತಿರಲಿಲ್ಲ. ದ್ರವ್ಯರಾಶಿಯುಳ್ಳ ಕಣವನ್ನು ಬೆಳಕಿನ ವೇಗಕ್ಕೆ ಏರಿಸಲು ಅಪರಿಮಿತ ಶಕ್ತಿ ಬೇಕು, ನಿಜ. ಆದರೆ ಸದಾ ಆ ಮಿತಿಯ ಆಚೆಗೇ ಇರುವ ಕಣಗಳಿಗೆ ಸಮೀಕರಣಗಳು ಅಡ್ಡಿಯಾಗವು ಎಂದು ಬಿಲನಿಯುಕ್, ದೇಶಪಾಂಡೆ ಮತ್ತು ಇ.ಸಿ.ಜಿ. ಸುದರ್ಶನ್ 1962ರಲ್ಲೇ ವಾದಿಸಿದ್ದರು. ಇಂಥ ಕಣಗಳಿಗೆ ಮುಂದೆ ಟ್ಯಾಕಿಯಾನ್ ಎಂಬ ಹೆಸರು ಬಂತು.

ನಿರ್ಣಾಯಕ ಸಾಕ್ಷ್ಯ ಆಕಾಶದಲ್ಲಿತ್ತು. ಸುಮಾರು 1,68,000 ಜ್ಯೋತಿರ್ವರ್ಷ ದೂರದ ದೊಡ್ಡ ಮೆಗೆಲನ್ ಮೇಘದಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೊಗಳು 1987ರ ಫೆಬ್ರುವರಿ 23ರಂದು ಜಪಾನಿನ ಕಾಮಿಯೊಕಾಂಡೆ ಮತ್ತು ಅಮೆರಿಕದ ಐಎಂಬಿ ಶೋಧಕಗಳಲ್ಲಿ ದಾಖಲಾದವು. ಸ್ಫೋಟದ ಬೆಳಕು ಕಂಡದ್ದು ಕೆಲವೇ ಗಂಟೆಗಳ ನಂತರ. ನಕ್ಷತ್ರದ ಒಡಲಿನ ಆಘಾತ ತರಂಗ ಮೇಲ್ಮೈ ತಲುಪಲು ಅಷ್ಟು ಹೊತ್ತು ಬೇಕು. ಹಾಗಾಗಿ ಈ ಅಂತರಕ್ಕೆ ಬೆಳಕನ್ನು ಮೀರಿದ ವೇಗದ ಅಗತ್ಯವಿಲ್ಲ. ಒಪೆರಾ ಹೇಳಿದ ವೇಗವಿದ್ದಿದ್ದರೆ ಅವು ನಾಲ್ಕು ವರ್ಷ ಮೊದಲೇ ಬರಬೇಕಿತ್ತು.

ನಕ್ಷತ್ರದ ನ್ಯೂಟ್ರಿನೊಗಳ ಶಕ್ತಿ ಒಪೆರಾ ಕಣಗಳದ್ದಕ್ಕಿಂತ ನೂರಾರು ಪಟ್ಟು ಕಡಿಮೆ. ಎರಡನ್ನೂ ಹೋಲಿಸಬಹುದೇ ಎಂಬ ಆಕ್ಷೇಪ ಸಹಜ. ಆದರೆ ಟ್ಯಾಕಿಯಾನ್‌ನ ಶಕ್ತಿ ಕುಗ್ಗಿದಷ್ಟೂ ವೇಗ ಹೆಚ್ಚುತ್ತದೆ. ನ್ಯೂಟ್ರಿನೊ ಟ್ಯಾಕಿಯಾನ್ ಆಗಿದ್ದರೆ ನಕ್ಷತ್ರದ ಕಣಗಳು ಇನ್ನೂ ಬೇಗ ಬರಬೇಕಿತ್ತು. ಸಾಪೇಕ್ಷತೆಯನ್ನೇ ಮುರಿದು, ಹೆಚ್ಚಿನ ಶಕ್ತಿಯಲ್ಲಿ ಮಾತ್ರ ವೇಗ ಮಿತಿಮೀರುತ್ತದೆ ಎಂದುಕೊಂಡರೂ ತೊಡಕು ತಪ್ಪದು: ಅಂಥ ನ್ಯೂಟ್ರಿನೊಗಳು ದಾರಿಯುದ್ದಕ್ಕೂ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳನ್ನು ಚೆಲ್ಲುತ್ತ ಶಕ್ತಿ ಕಳೆದುಕೊಳ್ಳಬೇಕೆಂದು ಕೋಹೆನ್ ಮತ್ತು ಗ್ಲಾಷೋ 2011ರಲ್ಲೇ ತೋರಿಸಿದರು. ಗ್ರಾನ್ ಸಾಸ್ಸೊದಲ್ಲೇ ಇದ್ದ ಇಕಾರಸ್ ಶೋಧಕ ಅಂಥ ನಷ್ಟವನ್ನು ಕಾಣಲಿಲ್ಲ.

ಟ್ಯಾಕಿಯಾನ್ ಇಲ್ಲವೇ ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಒಪೆರಾ ಅಳತೆಯನ್ನು ಉಳಿಸಿಕೊಳ್ಳಬಹುದಾಗಿದ್ದ ಎರಡು ಮುಖ್ಯ ದಾರಿಗಳು ಮುಚ್ಚಿದ್ದವು ಎಂಬುದಷ್ಟೇ ಸಿದ್ಧವಾಗುತ್ತದೆ. 2012ರ ಮರು ಅಳತೆಯಲ್ಲಿ ನ್ಯೂಟ್ರಿನೊ ವೇಗ ಬೆಳಕಿನ ವೇಗಕ್ಕೆ ಹೊಂದಿಕೊಂಡಿತು.