ಬೋಳುತಲೆ, ದಪ್ಪ ಬೂಟು ಮತ್ತು ಜಮೈಕಾದ ಹಾಡು

‘ಸ್ಕಿನ್‌ಹೆಡ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಕಣ್ಣ ಮುಂದೆ ನಿಲ್ಲುವುದು ತೋಳಿನ ಮೇಲೆ ಹಿಟ್ಲರನ ಸ್ವಸ್ತಿಕವನ್ನು ಹಚ್ಚೆ ಹೊಯ್ಯಿಸಿಕೊಂಡ ಬೋಳುತಲೆಯ ಪುಂಡನ ಚಿತ್ರ. ಚಿತ್ರ ಸುಳ್ಳಲ್ಲ, ಆದರೆ ಅದು ಕಥೆಯ ನಡುವಿನ ಪುಟ.

ಮೊದಲ ಪುಟ ತೆರೆಯುವುದು 1960ರ ದಶಕದ ಕೊನೆಯಲ್ಲಿ, ಲಂಡನ್ನಿನ ಪೂರ್ವ ಮತ್ತು ದಕ್ಷಿಣ ಭಾಗದ ಕಾರ್ಮಿಕರ ಕೇರಿಗಳಲ್ಲಿ. ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲವದು: 1967ರಲ್ಲಿ ಈಸ್ಟ್ ಇಂಡಿಯಾ ಡಾಕ್, ಮರುವರ್ಷ ಸೇಂಟ್ ಕ್ಯಾಥರೀನ್ ಡಾಕ್. ತಲೆಮಾರುಗಳಿಂದ ಅಕ್ಕಪಕ್ಕದಲ್ಲಿ ಬಾಳಿದವರನ್ನು ಹಳೆಯ ಸಾಲುಮನೆಗಳಿಂದ ಎಬ್ಬಿಸಿ ಮುಗಿಲೆತ್ತರದ ಕಟ್ಟಡಗಳಿಗೆ ಹಂಚಲಾಗುತ್ತಿತ್ತು. ಅಂಥದೊಂದು ಕಟ್ಟಡ, ರೋನನ್ ಪಾಯಿಂಟ್. ಜನ ವಾಸಕ್ಕೆ ಬಂದ ಎರಡು ತಿಂಗಳಿಗೇ, 1968ರ ಮೇ ತಿಂಗಳಲ್ಲಿ, ಅದರ ಒಂದು ಮೂಲೆ ಕುಸಿದುಬಿತ್ತು.

ಅಪ್ಪನ ಕಸುಬು, ಅಪ್ಪನ ಕೇರಿ ಎರಡೂ ಕರಗುತ್ತಿದ್ದಾಗ ಮಕ್ಕಳು ಅಪ್ಪನ ವೇಷವನ್ನು ಹಿಡಿದುಕೊಂಡರು. ದುಡಿಯುವವನ ದಪ್ಪ ಬೂಟು, ಷರಾಯಿಯನ್ನು ಭುಜಕ್ಕೆ ಬಿಗಿಯುವ ಪಟ್ಟಿ, ತಲೆಗಂಟುವಂತೆ ಕತ್ತರಿಸಿದ ಕೂದಲು. ಉದ್ದಕೂದಲಿನ ಹಿಪ್ಪಿಗಳು ಇವರ ಕಣ್ಣಿಗೆ ಅನುಕೂಲಸ್ಥರ ಮಕ್ಕಳು. ಹಿರಿಯರ ಬಾಳಿನಲ್ಲಿ ಬಿಡಿಸಲಾಗದೆ ಉಳಿದ ತೊಡಕನ್ನು ಕಿರಿಯರು ವೇಷದ ಮಾಯೆಯಿಂದ ಬಿಡಿಸಹೊರಡುತ್ತಾರೆಂದು ಫಿಲ್ ಕೋಹೆನ್ 1972ರಲ್ಲಿ ವಾದಿಸಿದರು.

ಇವರು ಕುಣಿದದ್ದಾದರೂ ಯಾರ ಹಾಡಿಗೆ? ಜಮೈಕಾದ ಕಪ್ಪು ಜನರ ಸ್ಕಾ, ರೆಗೆ ಹಾಡುಗಳಿಗೆ. 1948ರಲ್ಲಿ ‘ಎಂಪೈರ್ ವಿಂಡ್‌ರಶ್’ ಹಡಗು ಬಂದಂದಿನಿಂದ ವೆಸ್ಟ್ ಇಂಡೀಸ್‌ನವರು ಈ ಕೇರಿಗಳ ನೆರೆಯವರಾಗಿದ್ದರು. ಅವರ ಹುಡುಗರಿಂದಲೇ ಈ ಹುಡುಗರು ಠೀವಿ ಕಲಿತದ್ದು. 1969ರಲ್ಲಿ ಡೆಸ್ಮಂಡ್ ಡೆಕ್ಕರನ ‘ಇಸ್ರೇಲೈಟ್ಸ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದಾಗ ಅದನ್ನು ಕೊಂಡವರಲ್ಲಿ ಇವರೂ ಇದ್ದರು.

ಹಾಗಾದರೆ ಮೂಲದವರು ನಿರ್ಮಲರು, ಕೆಡಿಸಿದವರು ಆಮೇಲೆ ಬಂದವರು ಎಂದು ಅಭಿಮಾನಿಗಳು ಹೇಳುವುದುಂಟು. ನಾನು ಒಪ್ಪಲಾರೆ. 1969-70ರಲ್ಲೇ ಪೂರ್ವ ಲಂಡನ್ನಿನ ಬೀದಿಗಳಲ್ಲಿ ‘ಪಾಕಿ’ಗಳನ್ನು ಬಡಿಯುವುದು ಇವರಲ್ಲಿ ಹಲವರಿಗೆ ಆಟವಾಗಿತ್ತು. ಪಾಕಿಸ್ತಾನಿ, ಭಾರತೀಯ, ಬಂಗಾಳಿ ಎಂದು ಭೇದವೆಣಿಸುವ ತಾಳ್ಮೆ ಆ ಬೂಟುಗಳಿಗೆ ಇರಲಿಲ್ಲ. ಜಮೈಕಾದವನ ಹಾಡಿಗೆ ಕುಣಿದ ಕಾಲೇ ಸಿಲ್ಹೆಟ್ಟಿನವನನ್ನು ಒದೆಯಿತು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳದ ಚರಿತ್ರೆ ಅರೆ ಚರಿತ್ರೆ.

1970ರ ದಶಕದ ಕೊನೆಗೆ ಎದ್ದ ಎರಡನೆಯ ಅಲೆಯ ನಡುವೆ ನ್ಯಾಷನಲ್ ಫ್ರಂಟ್ ಪಕ್ಷ ಫುಟ್‌ಬಾಲ್ ಮೈದಾನಗಳಲ್ಲಿ ಬಲೆ ಬೀಸಿತು. ಅದೇ ಹೊತ್ತಿಗೆ, 1979ರಲ್ಲಿ, ಕವೆಂಟ್ರಿಯ ‘ಟೂ ಟೋನ್’ ಕಂಪನಿ ಕಪ್ಪು-ಬಿಳಿಯರು ಕೂಡಿ ನುಡಿಸಿದ ಸಂಗೀತವನ್ನು ಹೊರತಂದಿತು. ಜನಾಂಗದ್ವೇಷವನ್ನು ವಿರೋಧಿಸುವ ಸ್ಕಿನ್‌ಹೆಡ್‌ಗಳ ‘ಷಾರ್ಪ್’ ಕೂಟ 1987ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿತು. ವೇಷ ಒಂದೇ, ಪಕ್ಷ ಹಲವು.

ಇನ್ನೊಂದು ಭ್ರಮೆ ಹೆಚ್ಚು ಆಳದ್ದು: ಕಾರ್ಮಿಕನೆಂದರೆ ಬಿಳಿಯ, ದ್ವೇಷ ಅವನ ಹುಟ್ಟುಗುಣ ಎಂಬುದು. 1968ರ ಏಪ್ರಿಲ್‌ನಲ್ಲಿ ವಲಸೆಗಾರರ ವಿರುದ್ಧ ಕಿಡಿ ಹೊತ್ತಿಸಿದ ಈನಕ್ ಪೊವೆಲ್ ಬೋಳುತಲೆಯ ಹುಡುಗನಲ್ಲ, ಗ್ರೀಕ್ ವಿದ್ವಾಂಸ. ಅವನ ಬೆಂಬಲಕ್ಕೆ ಲಂಡನ್ನಿನ ಹಡಗುಕಟ್ಟೆಯ ಕೂಲಿಗಳು ಪಾರ್ಲಿಮೆಂಟಿಗೆ ಮೆರವಣಿಗೆ ಹೋದದ್ದೂ ನಿಜ. ಆದರೆ 1976ರಲ್ಲಿ ಗ್ರನ್ವಿಕ್ ಫೋಟೋ ಕಾರ್ಖಾನೆಯ ಮುಂದೆ ಮುಷ್ಕರ ಹೂಡಿ ಸುಮಾರು ಎರಡು ವರ್ಷ ನಿಂತವರು ಜಯಾಬೆನ್ ದೇಸಾಯಿ ಮತ್ತವರ ಸಂಗಾತಿಗಳು, ಬಹುಪಾಲು ಪೂರ್ವ ಆಫ್ರಿಕದಿಂದ ಬಂದ ಗುಜರಾತಿ ಹೆಂಗಸರು. 1977ರಲ್ಲಿ ಅವರ ಬೆನ್ನಿಗೆ ಗಣಿಗಳಿಂದ ಕಾರ್ಮಿಕರು ಬಂದರು. ಬಂದ ಬಾವುಟಗಳಲ್ಲಿ ಹಡಗುಕಟ್ಟೆಯವರದೂ ಒಂದಿತ್ತು.