ಸ್ಥಳೀಯ ಸಂಸ್ಥೆಗಳು ಮತ್ತು ನವೀಕರಿಸಬಹುದಾದ ಇಂಧನ

ಊರಿನ ವಿದ್ಯುತ್ ಪೂರೈಕೆಯ ಮೇಲೆ ಒಡೆತನವಿಲ್ಲದ ಗ್ರಾಮ ಪಂಚಾಯತ್, ಪಟ್ಟಣ ಪಂಚಾಯತ್ ಮತ್ತು ಪುರಸಭೆಗಳು ಬಿಸಿಲು, ಹರಿಯುವ ನೀರು, ಗಾಳಿ, ಸಗಣಿ, ಕಟ್ಟಿಗೆ ಮುಂತಾದ ಮೂಲಗಳಿಂದ ಶಕ್ತಿ ಪಡೆಯುವ ಪ್ರಯತ್ನಗಳು ಕರ್ನಾಟಕದಲ್ಲಿ 1980ರ ದಶಕದಿಂದ ನಡೆದುಬಂದಿವೆ. ರಾಜ್ಯದ ಬಹುತೇಕ ಎಲ್ಲ ಊರುಗಳಲ್ಲಿ ಕಂಬ, ತಂತಿ ಮತ್ತು ಟ್ರಾನ್ಸ್‌ಫಾರ್ಮರ್‌ಗಳು ಸರ್ಕಾರಿ ಸ್ವಾಮ್ಯದ ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೆ ಸೇರಿವೆ. ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಆದರೂ ಸ್ಥಳೀಯ ಸಂಸ್ಥೆಯ ಕೈಯಲ್ಲಿ ಕೆಲವು ಅಧಿಕಾರಗಳು ಉಳಿದಿವೆ. ಅದು ವಿದ್ಯುತ್ತಿನ ಗ್ರಾಹಕ, ಕಟ್ಟಡ ಮತ್ತು ಜಾಗಗಳ ಒಡೆಯ, ಮನೆ ಕಟ್ಟಲು ಪರವಾನಗಿ ಕೊಡುವ ಪ್ರಾಧಿಕಾರ. ಬೇಕಾದರೆ ಉತ್ಪಾದಕನೂ ಆಗಬಲ್ಲದು. ಈ ಅಧಿಕಾರಗಳು ಹೇಗೆ ಒದಗಿಬಂದವು, ಎಲ್ಲಿ ಫಲ ಕೊಟ್ಟವು, ಎಲ್ಲಿ ಕುಂಠಿತಗೊಂಡವು ಎಂಬುದೇ ಈ ವಿಷಯದ ಚರಿತ್ರೆ.

ವಿದ್ಯುತ್ ಒಡೆತನದ ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ ಮೊದಲಿನಿಂದಲೂ ರಾಜ್ಯದ ಉದ್ಯಮ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. 1948ರ ವಿದ್ಯುತ್ ಪೂರೈಕೆ ಕಾಯಿದೆ ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳ ರಚನೆಗೆ ದಾರಿ ಮಾಡಿತು. ಅದರಂತೆ 1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಸೇರಿದ್ದ ದಕ್ಷಿಣ ಕನ್ನಡವೂ ಈ ಮಂಡಳಿಯ ವ್ಯಾಪ್ತಿಗೆ ಬಂದಿತು. ಮಂಡಳಿಯ ಒಡೆತನಕ್ಕೆ ರಾಜ್ಯದಲ್ಲಿ ಉಳಿದ ಒಂದು ಅಪವಾದ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. 1969ರಲ್ಲಿ ಆರಂಭವಾದ ಈ ಸಂಘದಲ್ಲಿಯೂ ಒಡೆತನ ಸದಸ್ಯರದು, ಪಂಚಾಯತ್‌ನದಲ್ಲ.

1999ರ ಸುಧಾರಣಾ ಕಾಯಿದೆಯ ನಂತರ ಮಂಡಳಿಯ ಜಾಗದಲ್ಲಿ ವಿದ್ಯುತ್ ಪ್ರಸರಣ ನಿಗಮ ಬಂದಿತು. 2002ರ ಜೂನ್ 1ರಿಂದ ವಿತರಣೆಯ ಕೆಲಸ 4 ಕಂಪನಿಗಳಿಗೆ ಹಂಚಿಕೆಯಾಯಿತು. ಅವುಗಳಲ್ಲಿ ಒಂದಾದ ಮಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಮೆಸ್ಕಾಂ, ಇಂದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗೆ ವಿದ್ಯುತ್ ಪೂರೈಸುತ್ತದೆ.

ಒಂದು ಊರಿನಲ್ಲಿ ವಿದ್ಯುತ್ ಉತ್ಪಾದನೆಯಾದ ಮಾತ್ರಕ್ಕೆ ಆ ಊರಿನ ಆಡಳಿತಕ್ಕೆ ಅಧಿಕಾರ ಬರುವುದಿಲ್ಲ ಎಂಬುದಕ್ಕೆ ಉಡುಪಿ ಜಿಲ್ಲೆಯಲ್ಲೇ ಎರಡು ನಿದರ್ಶನಗಳಿವೆ. ಕುಂದಾಪುರ ಸೀಮೆಯ ಹೊಸಂಗಡಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ ವಾರಾಹಿ ಭೂಗತ ಜಲವಿದ್ಯುದಾಗಾರವಿದೆ. ಅದರ ಮೊದಲ ಎರಡು ಘಟಕಗಳು 1989–90ರ ಸುಮಾರಿಗೆ, ಉಳಿದೆರಡು 2009ರಲ್ಲಿ ಚಾಲೂ ಆದವು. ಒಟ್ಟು ಸಾಮರ್ಥ್ಯ 460 ಮೆಗಾವಾಟ್. ಪಡುಬಿದ್ರಿ ಬಳಿಯ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲಿನಿಂದ ನಡೆಯುವ 1200 ಮೆಗಾವಾಟ್ ಸ್ಥಾವರವಿದೆ. ಅದರ ಮೊದಲ ಘಟಕ 2010ರಲ್ಲಿ, ಎರಡನೆಯದು 2012ರಲ್ಲಿ ಉತ್ಪಾದನೆ ಆರಂಭಿಸಿತು. ಎರಡೂ ಕಡೆಯ ವಿದ್ಯುತ್ ರಾಜ್ಯದ ಜಾಲಕ್ಕೆ ಸೇರುತ್ತದೆ. ಎಷ್ಟು ಉತ್ಪಾದಿಸಬೇಕು, ಯಾರಿಗೆ ಮಾರಬೇಕು ಎಂಬುದನ್ನು ಅಲ್ಲಿನ ಪಂಚಾಯತ್‌ಗಳು ತೀರ್ಮಾನಿಸುವುದಿಲ್ಲ. ಸುತ್ತಲಿನ ಗದ್ದೆ, ಬಾವಿ, ಹೊಳೆಗಳ ಮೇಲೆ ಆಗುವ ಪರಿಣಾಮವನ್ನು ಮಾತ್ರ ಅದೇ ಊರುಗಳು ಅನುಭವಿಸಬೇಕು.

ಸಂವಿಧಾನ ಮತ್ತು ಕಾಯಿದೆಗಳು

ಸಂವಿಧಾನದ 7ನೇ ಅನುಸೂಚಿಯಂತೆ ವಿದ್ಯುತ್ ಕೇಂದ್ರ ಮತ್ತು ರಾಜ್ಯಗಳೆರಡರ ಅಧಿಕಾರಕ್ಕೂ ಒಳಪಟ್ಟ ಸಮವರ್ತಿ ಪಟ್ಟಿಯ ವಿಷಯ. 1992ರ 73ನೇ ತಿದ್ದುಪಡಿಯಿಂದ ಸೇರಿದ 11ನೇ ಅನುಸೂಚಿ, ಪಂಚಾಯತ್‌ಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ವಿದ್ಯುತ್ ವಿತರಣೆಯೂ ಸೇರಿದಂತೆ ಗ್ರಾಮೀಣ ವಿದ್ಯುದೀಕರಣವನ್ನು 14ನೆಯದಾಗಿ, ಅಸಾಂಪ್ರದಾಯಿಕ ಶಕ್ತಿ ಮೂಲಗಳನ್ನು 15ನೆಯದಾಗಿ ಹೆಸರಿಸುತ್ತದೆ. 74ನೇ ತಿದ್ದುಪಡಿಯ 12ನೇ ಅನುಸೂಚಿಯಲ್ಲಿ ಪಟ್ಟಣಗಳ ಬೀದಿದೀಪದ ಉಲ್ಲೇಖವಿದೆ. ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆ 1993ರಲ್ಲಿ ಜಾರಿಗೆ ಬಂದಿತು. ಹೀಗೆ ವಿಷಯವು ಪಂಚಾಯತ್‌ಗಳ ಪಟ್ಟಿಗೆ ಬಂದರೂ ವಿತರಣಾ ಜಾಲ, ಇಂಜಿನಿಯರುಗಳು ಮತ್ತು ಬಿಲ್ ವಸೂಲಿ ಮಂಡಳಿಯಲ್ಲೇ ಉಳಿದವು.

2003ರ ವಿದ್ಯುಚ್ಛಕ್ತಿ ಕಾಯಿದೆ ಈ ಸ್ಥಿತಿಯನ್ನು ಸ್ವಲ್ಪ ಸಡಿಲಿಸಿತು. ಉತ್ಪಾದನಾ ಘಟಕ ಸ್ಥಾಪಿಸಲು ಲೈಸೆನ್ಸ್ ಬೇಕಿಲ್ಲ ಎಂದು ಅದರ 7ನೇ ಪ್ರಕರಣ ಹೇಳುತ್ತದೆ. ಗ್ರಾಮಗಳಲ್ಲಿ ವಿದ್ಯುತ್ತನ್ನು ಸಗಟಾಗಿ ಕೊಂಡು ಪಂಚಾಯತ್, ಬಳಕೆದಾರರ ಸಂಘ ಅಥವಾ ಸಹಕಾರ ಸಂಘದ ಮೂಲಕ ಸ್ಥಳೀಯ ವಿತರಣೆಯನ್ನು ನಿರ್ವಹಿಸುವ ರಾಷ್ಟ್ರೀಯ ನೀತಿ ರೂಪುಗೊಳ್ಳಬೇಕೆಂದು 5ನೇ ಪ್ರಕರಣ ಸೂಚಿಸುತ್ತದೆ. ರಾಜ್ಯ ಸರ್ಕಾರ ಅಧಿಸೂಚಿಸಿದ ಗ್ರಾಮೀಣ ಪ್ರದೇಶದಲ್ಲಿ ಉತ್ಪಾದನೆ ಮತ್ತು ವಿತರಣೆ ಎರಡನ್ನೂ ಲೈಸೆನ್ಸ್ ಇಲ್ಲದೆ ಮಾಡಲು 14ನೇ ಪ್ರಕರಣ ಅವಕಾಶ ಕೊಡುತ್ತದೆ. ಬೇರೆಯವರ ತಂತಿಯ ಮೂಲಕ, ಶುಲ್ಕ ಕೊಟ್ಟು, ತನ್ನ ವಿದ್ಯುತ್ತನ್ನು ಸಾಗಿಸುವ ಮುಕ್ತ ಪ್ರವೇಶ 42ನೇ ಪ್ರಕರಣದ ಕೊಡುಗೆ.

ಆರಂಭದ ಪ್ರಯೋಗಗಳು

ಕರ್ನಾಟಕದ ಮೊದಲ ಗಮನಾರ್ಹ ಪ್ರಯೋಗಗಳು ನಡೆದದ್ದು ತುಮಕೂರು ಜಿಲ್ಲೆಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಅಡುಗೆಗೆ ಅನಿಲ ಕೊಡುವ ಮೊದಲ ಯೋಜನೆ ಸಗಣಿ ಸಾಲದೆ ಕೈಗೂಡಲಿಲ್ಲ. ಊರವರಿಗೆ ಹೆಚ್ಚು ಬೇಕಾಗಿದ್ದುದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ತರುವ, ಮನೆಗಳಿಗೆ ದೀಪ ಕೊಡುವ ವ್ಯವಸ್ಥೆ ನಡೆಯಿತು. ಸಗಣಿ ತಂದವರಿಗೆ ಹಣ ಸಿಗುತ್ತಿತ್ತು, ಉಳಿದ ಬಗ್ಗಡ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ನಿರ್ವಹಣೆಯ ಹೊಣೆ ಊರಿನ ಸಭೆಯದಾಗಿತ್ತು. 1988ರಲ್ಲಿ ಅದೇ ಸೀಮೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯಿಂದ ಅನಿಲ ಪಡೆಯುವ ಗ್ಯಾಸಿಫೈಯರ್ ದೀಪಕ್ಕೂ ನೀರಿಗೂ ಹಿಟ್ಟಿನ ಗಿರಣಿಗೂ ಶಕ್ತಿ ಒದಗಿಸಿತು.

ಜಾಗತಿಕ ಪರಿಸರ ನಿಧಿ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಈ ಅನುಭವ ಮುಂದೆ ಅದೇ ಜಿಲ್ಲೆಯಲ್ಲಿ ದೊಡ್ಡ ಯೋಜನೆಯಾಯಿತು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವಾಟ್ ಗ್ಯಾಸಿಫೈಯರ್ ಸ್ಥಾವರ ನಿಂತಿತು. ಅಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯಾದ ಬೆಸ್ಕಾಂಗೆ ಮಾರುವ ಒಪ್ಪಂದಕ್ಕೆ ಗ್ರಾಮ ಪಂಚಾಯತ್ ಸಹಿ ಹಾಕಿತು. 2007ರಿಂದ ವಿದ್ಯುತ್ ಜಾಲಕ್ಕೆ ಸೇರತೊಡಗಿತು. ಜಾಲದ ಒಡೆತನ ಬಯಸದೆ, ಅದರ ಜೊತೆ ಕರಾರು ಮಾಡಿಕೊಂಡು ಪಂಚಾಯತ್ ಉತ್ಪಾದಕನಾದದ್ದು ಕಬ್ಬಿಗೆರೆಯ ಹೆಗ್ಗಳಿಕೆ. ಕಟ್ಟಿಗೆಯ ನಿರಂತರ ಪೂರೈಕೆ, ಯಂತ್ರದ ದುರಸ್ತಿ ಮತ್ತು ಯೂನಿಟ್‌ಗೆ ಸಿಗುವ ದರ, ಈ ಮೂರನ್ನು ಹೊಂದಿಸುವುದು ಕಷ್ಟವಾದದ್ದು ಅದು ಕಲಿಸಿದ ಪಾಠ.

ಹೊರಗಿನ ಮಾದರಿಗಳು

ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯತ್ 2006ರಲ್ಲಿ ಬ್ಯಾಂಕ್ ಸಾಲ ಮತ್ತು ಸ್ವಂತ ಉಳಿತಾಯದಿಂದ 350 ಕಿಲೋವಾಟ್ ಗಾಳಿಯಂತ್ರ ಕೊಂಡಿತು. ಯಂತ್ರ ಇರುವುದು ಪಂಚಾಯತ್‌ನ ಗಡಿಯೊಳಗಲ್ಲ, ಗಾಳಿ ಚೆನ್ನಾಗಿ ಬೀಸುವ ದೂರದ ಊರಿನಲ್ಲಿ. ಪಂಚಾಯತ್ ಬಳಸುವ ವಿದ್ಯುತ್ತನ್ನು ಸರಿದೂಗಿಸಿ ಮಿಕ್ಕದ್ದು ರಾಜ್ಯದ ಮಂಡಳಿಗೆ ಮಾರಾಟವಾಗುತ್ತದೆ. ಕೇರಳದಲ್ಲಿ ಪಾಲಕ್ಕಾಡ್ ಜಿಲ್ಲಾ ಪಂಚಾಯತ್ ಪ್ರತ್ಯೇಕ ಕಂಪನಿ ಮಾಡಿಕೊಂಡು ಮೀನ್‌ವಲ್ಲಂನಲ್ಲಿ 3 ಮೆಗಾವಾಟ್ ಕಿರು ಜಲವಿದ್ಯುತ್ ಯೋಜನೆಯನ್ನು 2014ರಲ್ಲಿ ಆರಂಭಿಸಿತು. ಇಂದೋರ್ ಮಹಾನಗರ ಪಾಲಿಕೆ ನರ್ಮದೆಯ ನೀರನ್ನು ಮೇಲೆತ್ತುವ ಪಂಪುಗಳ ಖರ್ಚು ತಗ್ಗಿಸಲು 60 ಮೆಗಾವಾಟ್ ಸೌರ ಸ್ಥಾವರಕ್ಕಾಗಿ 2023ರ ಫೆಬ್ರವರಿಯಲ್ಲಿ ಹಸಿರು ಬಾಂಡ್ ಮೂಲಕ ಸಾರ್ವಜನಿಕರಿಂದ 244 ಕೋಟಿ ರೂಪಾಯಿ ಎತ್ತಿತು.

ಹೊರದೇಶಗಳಲ್ಲಿ ಬೇರೊಂದು ದಾರಿಯಿದೆ. ಅಮೆರಿಕದ ಮ್ಯಾಸಚೂಸೆಟ್ಸ್ 1997ರಲ್ಲಿ, ಕ್ಯಾಲಿಫೋರ್ನಿಯಾ 2002ರಲ್ಲಿ ತಂದ ಕಾನೂನುಗಳಂತೆ ಊರುಗಳು ತಮ್ಮ ನಿವಾಸಿಗಳ ಪರವಾಗಿ ಒಟ್ಟಾಗಿ ವಿದ್ಯುತ್ ಖರೀದಿಸಬಹುದು. ತಂತಿ ಮತ್ತು ಬಿಲ್ ಹಳೆಯ ಕಂಪನಿಯಲ್ಲೇ ಉಳಿಯುತ್ತವೆ. 5ನೇ ಪ್ರಕರಣ ಸಗಟು ಖರೀದಿಯ ನೀತಿಯನ್ನು ಸೂಚಿಸಿದರೂ, ತಂತಿ ಮತ್ತು ಬಿಲ್ ಕಂಪನಿಯಲ್ಲೇ ಉಳಿದು ಪಂಚಾಯತ್ ಹೀಗೆ ಮನೆಮನೆಗಳ ಪರವಾಗಿ ಖರೀದಿದಾರನಾಗುವ ವ್ಯವಸ್ಥೆ ಭಾರತದ ಕಾನೂನಿನಲ್ಲಿ ಇಲ್ಲ.

ಸ್ಥಳೀಯ ಸಂಸ್ಥೆಯ ಕೈಯಲ್ಲಿರುವ ಸಾಧನಗಳು

ಮೊದಲನೆಯದು ಸ್ವಂತ ಬಳಕೆ. ಗ್ರಾಮ ಪಂಚಾಯತ್‌ನ ಕರೆಂಟ್ ಬಿಲ್ಲಿನ ಬಹುಪಾಲು ಕುಡಿಯುವ ನೀರಿನ ಪಂಪು ಮತ್ತು ಬೀದಿದೀಪಗಳದು. ಎಲ್‌ಇಡಿ ದೀಪ, ಸರಿಯಾದ ಅಶ್ವಶಕ್ತಿಯ ಪಂಪು, ಸೋರಿಕೆಯಿಲ್ಲದ ಪೈಪು, ಇವುಗಳಿಂದ ಬೇಡಿಕೆ ತಗ್ಗಿಸಿದ ಮೇಲೆ ಬೇಕಾಗುವ ಸೌರ ಫಲಕಗಳ ಸಂಖ್ಯೆಯೂ ತಗ್ಗುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ದೊಡ್ಡ ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿದ್ದುದರಿಂದ ನೀರಿನ ಪಂಪಿನ ಸುಧಾರಣೆ ಪಂಚಾಯತ್‌ನ ಮುಖ್ಯ ಕೆಲಸದೊಳಗೇ ಬರುತ್ತದೆ.

ಎರಡನೆಯದು ಚಾವಣಿ. ಪಂಚಾಯತ್ ಕಚೇರಿ, ಗ್ರಂಥಾಲಯ, ಸಂತೆ ಮಾರುಕಟ್ಟೆಯಂಥ ಕಟ್ಟಡಗಳ ಮೇಲೆ ಫಲಕ ಹಾಕಿ, ಮೀಟರಿನಲ್ಲಿ ಆಮದು ರಫ್ತುಗಳ ಲೆಕ್ಕ ಹೊಂದಿಸುವ ನೆಟ್ ಮೀಟರಿಂಗ್ ರಾಜ್ಯದಲ್ಲಿ ಕಳೆದ ದಶಕದಿಂದ ಜಾರಿಯಲ್ಲಿದೆ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2016ರಲ್ಲಿ ಇದಕ್ಕೆ ನಿಯಮಾವಳಿ ರೂಪಿಸಿತು.

ಮೂರನೆಯದು ಪರವಾನಗಿಯ ಅಧಿಕಾರ. 2007ರಲ್ಲಿ ರಾಜ್ಯ ಸರ್ಕಾರ ನಿಗದಿತ ಅಳತೆಯ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹೀಟರ್ ಇರುವ ಮನೆಗಳಿಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯ ರಿಯಾಯಿತಿಯೂ ಬಂದಿತು. ಇಂಥ ನಿಯಮ ಕಾಗದದಲ್ಲಿ ಉಳಿಯುವುದೋ ಚಾವಣಿಗೆ ಏರುವುದೋ ಎಂಬುದು ನಕ್ಷೆ ಮಂಜೂರು ಮಾಡುವ ಸ್ಥಳೀಯ ಸಂಸ್ಥೆಯ ಶ್ರದ್ಧೆಯನ್ನು ಅವಲಂಬಿಸಿದೆ.

ನಾಲ್ಕನೆಯದು ಸಾಲ ಮತ್ತು ಸಹಾಯಧನವನ್ನು ಮನೆಗಳಿಗೆ ತಲುಪಿಸುವ ಕೆಲಸ. ಕರಾವಳಿಗೆ ಇದರಲ್ಲಿ ಹೆಮ್ಮೆಪಡುವ ಚರಿತ್ರೆಯಿದೆ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಸಾಮಾನ್ಯರ ಮನೆಗೆ ಸೌರದೀಪ ಒಯ್ದಿತು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಉಡುಪಿ ಮೂಲದ ಸಿಂಡಿಕೇಟ್ ಬ್ಯಾಂಕ್ ಮತ್ತು ಮಂಗಳೂರು ಮೂಲದ ಕೆನರಾ ಬ್ಯಾಂಕ್ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದೊಂದಿಗೆ 2003ರಲ್ಲಿ ಸೌರ ಸಾಲ ಯೋಜನೆ ಆರಂಭಿಸಿದವು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಕೇಂದ್ರದ ಸಹಾಯಧನವಿದೆ. ತನ್ನ ವ್ಯಾಪ್ತಿಯ ಪ್ರತಿ ಅಳವಡಿಕೆಗೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನ ಮತ್ತು ಜಿಲ್ಲೆಗೊಂದು ಮಾದರಿ ಸೌರಗ್ರಾಮಕ್ಕೆ 1 ಕೋಟಿ ರೂಪಾಯಿ ನೆರವನ್ನೂ ಈ ಯೋಜನೆ ಒಳಗೊಂಡಿದೆ.

ಐದನೆಯದು ಮುಕ್ತ ಪ್ರವೇಶ. 2022ರ ಜೂನ್‌ನ ಹಸಿರು ಇಂಧನ ನಿಯಮಗಳು ಇದರ ಕನಿಷ್ಠ ಮಿತಿಯನ್ನು 1 ಮೆಗಾವಾಟ್‌ನಿಂದ 100 ಕಿಲೋವಾಟ್‌ಗೆ ಇಳಿಸಿದವು. ಒಂದೇ ವಿದ್ಯುತ್ ವಿಭಾಗದಲ್ಲಿರುವ ಒಬ್ಬ ಗ್ರಾಹಕನ ಹಲವು ಸಂಪರ್ಕಗಳನ್ನು ಕೂಡಿಸಿ ಈ ಮಿತಿ ತಲುಪಲು 2023ರ ತಿದ್ದುಪಡಿ ಅವಕಾಶ ಕೊಟ್ಟಿತು. ಚದುರಿದ ಪಂಪುಗಳಿರುವ ಸ್ಥಳೀಯ ಸಂಸ್ಥೆಗಳಿಗೆ ಇದು ಮಹತ್ವದ ಬದಲಾವಣೆ.

ಆರನೆಯದು ಅಹವಾಲಿನ ಹಕ್ಕು. ಎಸ್ಕಾಂಗಳ ದರ ಪರಿಷ್ಕರಣೆಯ ಅರ್ಜಿಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು, ಆಯೋಗದ ಸಾರ್ವಜನಿಕ ವಿಚಾರಣೆಯಲ್ಲಿ ಮಾತಾಡಬಹುದು. ಗ್ರಾಮಸಭೆಯ ನಿರ್ಣಯದೊಂದಿಗೆ ಬರುವ ಪಂಚಾಯತ್‌ನ ಆಕ್ಷೇಪಣೆ ಇಡೀ ಊರಿನ ದನಿಯಾಗುತ್ತದೆ.

ಬಾರ್ಕೂರು ಮತ್ತು ಸುತ್ತಲಿನ ಪ್ರದೇಶ

ಈ ಸಾಧನಗಳನ್ನು ಒಂದು ಸೀಮೆಯಲ್ಲಿ ಹೇಗೆ ಬಳಸಬಹುದು ಎಂಬುದಕ್ಕೆ ಉಡುಪಿ ಜಿಲ್ಲೆಯ ಬಾರ್ಕೂರು ಒಂದು ನಿದರ್ಶನ. ಆಳುಪರ ಕಾಲದ ರಾಜಧಾನಿಯಾಗಿದ್ದ ಈ ಊರು ಸೀತಾನದಿಯ ತೀರದಲ್ಲಿದೆ. 2018ರಲ್ಲಿ ಬ್ರಹ್ಮಾವರ ಮತ್ತು ಬೈಂದೂರು ಹೊಸ ತಾಲೂಕುಗಳಾದ ಮೇಲೆ ಅದು ಬ್ರಹ್ಮಾವರ ತಾಲೂಕಿನ ಭಾಗ. ಈ ಸೀಮೆಯಲ್ಲಿ ಗ್ರಾಮ ಪಂಚಾಯತ್‌ಗಳಲ್ಲದೆ ಕುಂದಾಪುರ ಪುರಸಭೆ, ಸಾಲಿಗ್ರಾಮ ಮತ್ತು ಬೈಂದೂರು ಪಟ್ಟಣ ಪಂಚಾಯತ್‌ಗಳಿವೆ. ಎಲ್ಲವೂ ಮೆಸ್ಕಾಂನ ಗ್ರಾಹಕರು.

ಇಲ್ಲಿನ ಹವಾಮಾನವೇ ಯೋಜನೆಯ ಸ್ವರೂಪವನ್ನು ತೀರ್ಮಾನಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಸೌರ ಉತ್ಪಾದನೆ ಕುಸಿಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಪ್ರಖರ. ಆಗಲೇ ಬಾವಿಗಳು ಬತ್ತಿ, ಹೊಳೆಯ ಕೆಳಭಾಗಕ್ಕೆ ಉಪ್ಪುನೀರು ನುಗ್ಗಿ, ಕುಡಿಯುವ ನೀರಿನ ಪಂಪುಗಳ ಕೆಲಸ ಹೆಚ್ಚುವ ಕಾಲ. ಬೇಡಿಕೆಯೂ ಬಿಸಿಲೂ ಒಟ್ಟಿಗೆ ಏರುವುದರಿಂದ ಪಂಚಾಯತ್‌ಗಳಿಗೆ ನೀರಿನ ಪಂಪಿಗೆ ಸೌರಶಕ್ತಿ ಚೆನ್ನಾಗಿ ಹೊಂದುತ್ತದೆ. ಹಗಲು ನೀರೆತ್ತಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿಟ್ಟರೆ ಬ್ಯಾಟರಿಯ ಖರ್ಚೂ ಉಳಿಯುತ್ತದೆ. ಮಳೆಗಾಲದ ಕೊರತೆಯನ್ನು ಜಾಲದ ವಿದ್ಯುತ್ ತುಂಬಬೇಕಾಗುತ್ತದೆ. ಘಟ್ಟದ ಬುಡದ ಊರುಗಳಲ್ಲಿ ಆ ತಿಂಗಳುಗಳಲ್ಲೇ ತೋಡುಗಳು ತುಂಬಿ ಹರಿಯುವುದರಿಂದ ಮನೆಮಟ್ಟದ ಕಿರು ಜಲಚಕ್ರಗಳಿಗೆ ಅವಕಾಶವಿದೆ. ಸಮುದ್ರದಂಚಿನಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿಯದ ಚೌಕಟ್ಟು ಮತ್ತು ತೆಂಗಿನ ನೆರಳು ಬೀಳದ ಜಾಗವನ್ನು ಆರಿಸಬೇಕಾಗುತ್ತದೆ.

ಪಂಚಾಯತ್‌ಗಳು ಕೂಡಿ ದುಡಿದ ಅನುಭವವೂ ಜಿಲ್ಲೆಗಿದೆ. ಕಾರ್ಕಳ ತಾಲೂಕಿನ ನಿಟ್ಟೆಯ ಒಣಕಸ ನಿರ್ವಹಣಾ ಘಟಕವನ್ನು ಹಲವು ಪಂಚಾಯತ್‌ಗಳು ಹಂಚಿಕೊಂಡಿವೆ. ಒಂದೊಂದೇ ಪಂಚಾಯತ್‌ಗೆ ಇಂಜಿನಿಯರ್ ಇಟ್ಟುಕೊಳ್ಳುವುದು, ಟೆಂಡರ್ ಕರೆಯುವುದು ಭಾರವಾದರೂ ಈ ಬಗೆಯ ಕೂಟದಲ್ಲಿ ಸೌರ ಪಂಪುಗಳ ಖರೀದಿ ಮತ್ತು ದುರಸ್ತಿ ಸಾಧ್ಯ.

ಮಿತಿಗಳು

ಮೊದಲ ಮಿತಿ ಹಣದ್ದು. ಮೀಟರ್ ಅಳವಡಿಕೆ, ಸಾಮರ್ಥ್ಯದ ಮಿತಿ, ರಫ್ತಾದ ಯೂನಿಟ್‌ಗೆ ಸಿಗುವ ದರ ಎಲ್ಲವೂ ಎಸ್ಕಾಂ ಮತ್ತು ಆಯೋಗದ ತೀರ್ಮಾನ. ದೊಡ್ಡ ಗ್ರಾಹಕರು ಹೊರಗಿನಿಂದ ವಿದ್ಯುತ್ ತಂದರೆ ಎಸ್ಕಾಂನ ವರಮಾನ ಇಳಿಯುವುದರಿಂದ ಸಾಗಣೆ ಶುಲ್ಕ ಮತ್ತು ಸರ್‌ಚಾರ್ಜ್‌ಗಳ ವಿವಾದ ಮುಗಿಯುವುದಿಲ್ಲ. ಎರಡನೆಯದು ಮನೆಗಳ ಆಸಕ್ತಿ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗಿನ ಗೃಹ ಬಳಕೆಯನ್ನು ಉಚಿತ ಮಾಡಿ ಬಡ ಮನೆಗಳ ಭಾರ ಇಳಿಸಿತು. ಬಿಲ್ಲೇ ಬಾರದ ಮನೆಗೆ ಫಲಕ ಹಾಕಿ ಉಳಿಸುವುದು ಏನೂ ಇರುವುದಿಲ್ಲವಾದ್ದರಿಂದ ಪಂಚಾಯತ್‌ಗಳು ಸ್ವಂತ ಪಂಪು ಮತ್ತು ಕಟ್ಟಡಗಳಿಂದ ಆರಂಭಿಸುವುದು ಹೆಚ್ಚು ಸೂಕ್ತ. ಮೂರನೆಯದು ನಿರ್ವಹಣೆ. ಬ್ಯಾಟರಿ ಬದಲಾಯಿಸಲು ಹಣ ತೆಗೆದಿಡದೆ ಹಾಕಿದ ಸೋಲಾರ್ ಬೀದಿದೀಪ ಕೆಲವೇ ವರ್ಷಗಳಲ್ಲಿ ಬರಿಯ ಕಂಬವಾಗುತ್ತದೆ.

ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ರಾಷ್ಟ್ರೀಯ ಪಂಚಾಯತ್ ಪುರಸ್ಕಾರಗಳಲ್ಲಿ ಗ್ರಾಮ ಊರ್ಜಾ ಸ್ವರಾಜ್ ಮತ್ತು ಕಾರ್ಬನ್ ನ್ಯೂಟ್ರಲ್ ಪಂಚಾಯತ್ ಎಂಬ ವಿಭಾಗಗಳನ್ನು ಸೇರಿಸಿ ಈ ಕೆಲಸಕ್ಕೆ ಮನ್ನಣೆ ಕೊಟ್ಟಿದೆ. ಪುರದಿಂದ ಕಬ್ಬಿಗೆರೆಯವರೆಗೆ, ಓಡಂತುರೈಯಿಂದ ಮೀನ್‌ವಲ್ಲಂವರೆಗೆ ನಡೆದ ಪ್ರಯೋಗಗಳಲ್ಲಿ ಊರಿನ ನಿಜವಾದ ಅಗತ್ಯದಿಂದ ಹೊರಟು, ವಿದ್ಯುತ್ ಕಂಪನಿಯೊಂದಿಗೆ ಸ್ಪಷ್ಟ ಕರಾರು ಮಾಡಿಕೊಂಡು, ದುರಸ್ತಿಯ ಹೊಣೆಯನ್ನು ಮೊದಲೇ ಗೊತ್ತುಮಾಡಿದಲ್ಲಿ ಕೆಲಸ ನಡೆದಿದೆ. ಈ ಮೂರರಲ್ಲಿ ಯಾವುದಕ್ಕೂ ವಿತರಣಾ ಜಾಲದ ಒಡೆತನ ಬೇಕಾಗುವುದಿಲ್ಲ.